ಕುಂಕುಮ ಹಚ್ಚಿದ ಇಂಗ್ಲಿಷ್ ಪ್ಲೇಟು

ನಮ್ಮ ಮನೆಯಲ್ಲಿ ಹಾಡಿನ ಪ್ಲೇಟುಗಳು, ಅಂದರೆ ರಿಕಾರ್ಡುಗಳು, ಏಳಿದ್ದವು. ಆರು ದೊಡ್ಡವು, ಒಂದು ಸಣ್ಣದು. ದೊಡ್ಡವುಗಳಲ್ಲಿ ವಚನ, ಭಜನೆ, ಒಂದೆರಡರಲ್ಲಿ ಮರಾಠಿ ಅಭಂಗ. ಸಣ್ಣದರಲ್ಲಿ ಮಾತ್ರ ಇಂಗ್ಲಿಷ್ ಹಾಡು.

ಅಪ್ಪ ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಲಾರಿಗೆ ಹಂಚು ಹೇರುತ್ತಿದ್ದವನು. ನಾನು ಒಂದನೇ ಇಯತ್ತೆಗೆ ಹೋಗುವ ಹೊತ್ತಿಗೆ ಬೆನ್ನು ನೋವು ಜಾಸ್ತಿಯಾಗಿ ಆ ಕೆಲಸ ಬಿಟ್ಟ. ಬೆಳಗಾವಿಯ ಕ್ಯಾಂಪ್ ಬಡಾವಣೆಯಲ್ಲಿ ಬಾಗಿಲು ಮುಚ್ಚುತ್ತಿದ್ದ ಒಂದು ಅಂಗಡಿಯಿಂದ ಹಳೆಯ ಮೈಕ್ ಸೆಟ್ ಕೊಂಡು ತಂದ. ಎರಡು ಹಾರ್ನ್, ಒಂದು ಆಂಪ್ಲಿಫೈಯರ್, ಒಂದು ಟೇಪ್ ರಿಕಾರ್ಡರ್. ಅಂಗಡಿಯವನು ಅದೆಲ್ಲದರ ಮೇಲೆ ಈ ಪ್ಲೇಟುಗಳನ್ನೂ ಅವನ್ನು ತಿರುಗಿಸುವ ಪೆಟ್ಟಿಗೆಯನ್ನೂ ಇಟ್ಟು, "ಇದನ್ನೂ ಒಯ್ಯಿ ಮಾರಾಯಾ, ನನಗ ಇಡಾಕ ಜಾಗಾ ಇಲ್ಲ" ಅಂದನಂತೆ. ಅದಾಗಲೇ ಎಲ್ಲರೂ ಕ್ಯಾಸೆಟ್ಟಿಗೆ ಬಂದಿದ್ದರು. ಪ್ಲೇಟು ಕೇಳುವವರು ಇರಲಿಲ್ಲ. ಅಪ್ಪನಿಗೆ ಮಾತ್ರ ಅವುಗಳ ಮೇಲೆ ಪ್ರೀತಿ. ನಾಲ್ಕನೇ ಇಯತ್ತೆ ಓದಿದ ಅಪ್ಪ ತನ್ನ ಕೈಯಾರೆ ಕಲಿತ ಏಕೈಕ ವಿದ್ಯೆ ಈ ಮೈಕಿನ ಕೆಲಸ.

ನನಗೆ ನೆನಪಿರುವುದು ಮಧ್ಯಾಹ್ನಗಳು. ನಮ್ಮ ಮನೆಯ ಹಂಚಿನ ನಡುವೆ ಒಂದೇ ಒಂದು ಗಾಜಿನ ಹಂಚಿತ್ತು. ಅದರಿಂದ ಇಳಿದ ಬಿಸಿಲು ನೆಲದ ಮೇಲೆ ಚೌಕಾಕಾರವಾಗಿ ಬಿದ್ದು, ಹೊತ್ತು ಹೋದಂತೆ ಗೋಡೆಯ ಕಡೆ ಸರಿಯುತ್ತಿತ್ತು. ಸಗಣಿ ಸಾರಿಸಿದ ತಣ್ಣನೆಯ ನೆಲಕ್ಕೆ ಕೆನ್ನೆ ಹಚ್ಚಿ ನಾನು ಮಲಗಿರುತ್ತಿದ್ದೆ. ಅಪ್ಪ ಯಂತ್ರ ಒರೆಸುತ್ತ ಸಣ್ಣ ಪ್ಲೇಟನ್ನು ಹಚ್ಚುತ್ತಿದ್ದ. ಮೊದಲು ಅಕ್ಕಿ ಕೇರಿದಂಥ ಸಪ್ಪಳ. ಆಮೇಲೆ ಗಿಟಾರು. ಅದರ ಹೆಸರು ಗಿಟಾರು ಅಂತ ನನಗೆ ಆಗ ಗೊತ್ತಿರಲಿಲ್ಲ. ನೀರಿನಡಿ ಯಾರೋ ದೊಡ್ಡ ತಂತಿ ಮೀಟಿದಂತೆ ಕೇಳುತ್ತಿತ್ತು. ಅದರ ಹಿಂದೆ ಒಬ್ಬ ಗಂಡಸಿನ ದನಿ, ಬಾವಿಯ ತಳದಲ್ಲಿ ನಿಂತು ಮೇಲಿನವರನ್ನು ಕರೆಯುತ್ತಿದ್ದಾನೆ ಅನ್ನಿಸುವಂಥ ದನಿ. ಪ್ರತಿ ಮಾತನ್ನೂ ಎಳೆದು ಎಳೆದು ಬಿಡುತ್ತಿದ್ದ. ನಾನು ಕಣ್ಣು ಮುಚ್ಚಿದರೆ ನೆಲವೇ ನಿಧಾನವಾಗಿ ತಿರುಗುತ್ತಿತ್ತು. ಹಾಡು ಮುಗಿದ ಮೇಲೂ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತಿತ್ತು.

ಆ ಪೆಟ್ಟಿಗೆಗೆ ಮೂರು ವೇಗದ ಒಂದು ಕಡ್ಡಿ ಇತ್ತು. ಒಂದು ತುದಿಗೆ ಹಾಕಿದರೆ ಹಾಡುವವರೆಲ್ಲ ಇಲಿಗಳಂತೆ ಕಿಚಗುಟ್ಟುತ್ತಿದ್ದರು. ಇನ್ನೊಂದು ತುದಿ ಭಜನೆಗೆ ಸರಿಯಾಗಿತ್ತು. ನಡುವಿನದಕ್ಕೆ ಹಾಕಿದರೆ ಪ್ಲೇಟು ಒಮ್ಮೆ ನಡುಗಿ ನಿಂತುಬಿಡುತ್ತಿತ್ತು. "ಅದು ಸತ್ತೈತಿ" ಅಂತ ಅಪ್ಪ ಅದನ್ನು ಬಿಟ್ಟುಬಿಟ್ಟಿದ್ದ. ಸಣ್ಣ ಪ್ಲೇಟೂ ಭಜನೆಯ ವೇಗದಲ್ಲೇ ತಿರುಗುತ್ತಿತ್ತು. ಅದರ ಜೋಡಿ ನಮ್ಮ ಊರಿನ ಬಡಕಲು ಕರೆಂಟು. ಅದು ಇನ್ನಷ್ಟು ಎಳೆಯುತ್ತಿತ್ತು. ಹಾಡು ಇರುವುದೇ ಹಾಗೆ ಅಂತ ನಾವು ತಿಳಿದಿದ್ದೆವು.

ಆ ಹಾಡಿನ ಹೆಸರೂ ನಮಗೆ ಗೊತ್ತಿರಲಿಲ್ಲ. ಅದಕ್ಕೆ ಕಾರಣ ದಸರೆಯ ಪೂಜೆ. ಖಂಡೇಪೂಜೆಯ ದಿನ ಅಪ್ಪ ಹಾರ್ನು, ಯಂತ್ರ, ವೈರಿನ ಸುರುಳಿ ಎಲ್ಲವನ್ನೂ ಸಾಲಾಗಿ ಇಟ್ಟು ವಿಭೂತಿ ಎಳೆದು ಕುಂಕುಮ ಹಚ್ಚುತ್ತಿದ್ದ. ಪ್ಲೇಟುಗಳನ್ನೂ ಬಿಡುತ್ತಿರಲಿಲ್ಲ. ಕಪ್ಪು ಭಾಗಕ್ಕೆ ಹಚ್ಚಿದರೆ ಹಾಡು ಕೆಡುತ್ತದೆ ಅಂತ ನಡುವಿನ ಕಾಗದಕ್ಕೇ ಒದ್ದೆ ಬೆರಳಿನಿಂದ ಹಚ್ಚುತ್ತಿದ್ದ. ನಾನು ಐದನೇ ಇಯತ್ತೆಯಲ್ಲಿ ಇಂಗ್ಲಿಷ್ ಅಕ್ಷರ ಕಲಿತು ಓಡಿ ಬಂದು ನೋಡಿದರೆ ಆ ಕಾಗದ ಕೆಂಪು ಮುದ್ದೆಯಾಗಿತ್ತು. ಎಷ್ಟು ದಿಟ್ಟಿಸಿದರೂ ಒಂದು ಗುಂಡನೆಯ ಅಕ್ಷರ ಬಿಟ್ಟರೆ ಏನೂ ಕಾಣಲಿಲ್ಲ.

ಇಂಥ ಪ್ಲೇಟು ಲಗ್ನದ ಮನೆಗಳಿಗೆ ಹೋದದ್ದು ಹೇಗೆ ಅಂತ ಕೇಳಿದರೆ, ನಮ್ಮ ತಾಲೂಕಿನವರಿಗೆ ತಟ್ಟನೆ ಹೊಳೆಯುತ್ತದೆ. ನಮ್ಮಲ್ಲಿ ಹೆಣ್ಣಿನ ಕಡೆಯವರು ಮನೆಯಲ್ಲಿ ಮರಾಠಿ ಮಾತಾಡುವವರಾದರೆ ಗಂಡಿನ ಕಡೆಯವರು ಕನ್ನಡದವರು, ಇಲ್ಲವೇ ಅದರ ಉಲ್ಟಾ. ಊಟ, ಸೀರೆ, ಕಾಣಿಕೆ ಎಲ್ಲದಕ್ಕೂ ಹೊಂದಿಕೊಂಡವರು ಹಾಡಿನ ವಿಷಯಕ್ಕೆ ಮಾತ್ರ ಎದ್ದು ನಿಲ್ಲುತ್ತಿದ್ದರು.

"ಏ ಮೈಕಿನವ್ನ, ನಮ್ಮ ಹಾಡ ಹಚ್ಚೋ. ಮುಂಜಾನಿಂದ ಅವರ್ದ ಕೇಳಾಕತ್ತೇವಿ."

"ಅವರ್ದ ಅಂದ್ರ? ನೀವ ನಾಕ ಹಾಡ ಕೇಳೀರಿ, ಎಣಸೇನಿ ನಾ!"

"ಎಣಸಾಕ ಬಂದೀಯೋ, ಅಕ್ಕಿಕಾಳ ಹಾಕಾಕ ಬಂದೀಯೋ?"

ಅಂಥ ಹೊತ್ತಿನಲ್ಲಿ ಅಪ್ಪ ಟೇಪು ನಿಲ್ಲಿಸಿ ಸಣ್ಣ ಪ್ಲೇಟು ಇಡುತ್ತಿದ್ದ. ಬಾವಿಯ ದನಿ ಎರಡೂ ಹಾರ್ನಿನಿಂದ ಹೊರಡುತ್ತಿತ್ತು. ಚಪ್ಪರದಲ್ಲಿ ಎಲ್ಲರೂ ತಲೆ ಎತ್ತುತ್ತಿದ್ದರು. ಯಾರಿಗೂ ಒಂದಕ್ಷರ ತಿಳಿಯುತ್ತಿರಲಿಲ್ಲ, ಆದ್ದರಿಂದ ಯಾರಿಗೂ ಬೇಸರವಿರಲಿಲ್ಲ. "ಇದ ಛಲೋ ಐತಿ, ಇದು ಯಾರ ಅಪ್ಪಂದೂ ಅಲ್ಲ" ಅಂತ ಯಾರೋ ಒಬ್ಬರು ನಗುತ್ತಿದ್ದರು. ಹಾಡು ಮುಗಿಯುವ ಹೊತ್ತಿಗೆ ಜಗಳ ಆರಿರುತ್ತಿತ್ತು. ಕಣಕುಂಬಿ ಕಡೆಯ ಕಾಡಿನ ಹಳ್ಳಿಗಳವರೂ ಅಪ್ಪನನ್ನು ಕರೆಯಲು ಬಂದಾಗ "ಆ ಇಂಗ್ಲಿಷ್ ಪ್ಲೇಟ್ ತರೂದ ಮರೀಬ್ಯಾಡ್ರಿ" ಅನ್ನುತ್ತಿದ್ದರು.

ಅಪ್ಪ ಅದನ್ನು ಮೊಟ್ಟಮೊದಲು ಹಚ್ಚಿದ್ದು ತನ್ನ ತಂಗಿಯ ಲಗ್ನದಲ್ಲಿ. ನಮ್ಮ ಸೋದರತ್ತೆಯದು. ನನಗಾಗ ಏಳು ವರ್ಷ. ಅತ್ತೆ ಹಳದಿ ಸೀರೆಯಲ್ಲಿ ತಲೆ ತಗ್ಗಿಸಿ ಕುಳಿತದ್ದು, ಬೇವಿನ ಮರಕ್ಕೆ ಕಟ್ಟಿದ ಹಾರ್ನಿನಿಂದ ಆ ದನಿ ಇಳಿದದ್ದು, ಎರಡೂ ಒಂದೇ ಚಿತ್ರವಾಗಿ ನನ್ನಲ್ಲಿ ಉಳಿದಿವೆ. ಕಣಕುಂಬಿಯ ಹತ್ತಿರದ ಊರಿಗೆ ಅತ್ತೆಯನ್ನು ಕೊಟ್ಟರು. ಎರಡನೇ ಮಳೆಗಾಲದಲ್ಲಿ ಮಾವ ಜ್ವರ ಬಂದು ತೀರಿಕೊಂಡರು. ಅತ್ತೆ ಒಂದು ಟ್ರಂಕು ಹಿಡಿದು ನಮ್ಮ ಮನೆಗೆ ವಾಪಸು ಬಂದಳು. ಅಂದಿನಿಂದ ನಮ್ಮ ಮನೆಯ ರೊಟ್ಟಿಯೆಲ್ಲ ಅವಳ ಕೈಯದೇ.

ಆಗ ಯಾರೂ ಹಾಡಿನ ಮಾತು ಎತ್ತಲಿಲ್ಲ. ಎತ್ತಿದ್ದು ಮೂರ್ನಾಲ್ಕು ವರ್ಷಗಳ ಮೇಲೆ, ನಂದಗಡದ ಒಂದು ಲಗ್ನದಲ್ಲಿ. ನಾನು ಏಳನೇ ಇಯತ್ತೆ. ಶಾಲೆಗೆ ಸೂಟಿ ಇತ್ತು, ಅಪ್ಪನ ಜೋಡಿ ಹೋಗಿದ್ದೆ. ವಾಡಿಕೆಯಂತೆ ಹಾಡಿಗೆ ಜಗಳ ಶುರುವಾಯಿತು, ವಾಡಿಕೆಯಂತೆ ಅಪ್ಪ ಸಣ್ಣ ಪ್ಲೇಟು ಇಟ್ಟ. ಮಿಲಿಟರಿಯಲ್ಲಿದ್ದು ಪೆನ್ಶನ್ ಮೇಲೆ ಬಂದಿದ್ದ ಒಬ್ಬ ಅಜ್ಜ ಕುರ್ಚಿ ಸರಿಸಿ ಎದ್ದು ನೇರ ನಮ್ಮ ಹತ್ತಿರ ಬಂದ.

"ಏನ್ ಹಚ್ಚೀಯಪಾ ಇದು?"

"ಇಂಗ್ಲಿಷ್ ಹಾಡ್ರೀ, ಅಜ್ಜಾರ."

"ಇಂಗ್ಲಿಷ್ ಅಂತ ನನಗೂ ಗೊತ್ತೈತಿ. ನಮ್ಮ ಸಾಹೇಬ ಸತ್ತಾಗ ಇಂಥಾದ ಬಾರಿಸಿದ್ರು. ಮಣ್ಣ ಕೊಡೂಮುಂದ ಹಾಡೂ ಹಾಡ ಇದು. ಲಗ್ನದ ಚಪ್ಪರದಾಗ ಹಚ್ಚೀಯಲ್ಲೋ! ತೆಗಿ ತೆಗಿ!"

ಅಪ್ಪ ಸೂಜಿ ಎತ್ತಿದ ರೀತಿ ನನಗೆ ಕಣ್ಣಿಗೆ ಕಟ್ಟಿದಂತಿದೆ. ಕೆಂಡ ಮುಟ್ಟಿದವನ ಹಾಗೆ ಎತ್ತಿದ. ಆ ದಿನ ಪೂರ್ತಿ ಅವನು ಯಾರ ಮುಖವನ್ನೂ ನೋಡಲಿಲ್ಲ. ಮನೆಗೆ ಬರುವಾಗ ಟೆಂಪೋದಲ್ಲಿ ಪ್ಲೇಟನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದ. ಮರುದಿನ ಮುಂಜಾನೆ ಅದನ್ನು ಹಳೆಯ ಧೋತರದ ತುಂಡಿನಲ್ಲಿ ಸುತ್ತಿದ. ನನ್ನನ್ನು ಹಿತ್ತಲಿಗೆ ಕರೆದ. ಒಳಗೆ ಅತ್ತೆ ರೊಟ್ಟಿ ಬಡಿಯುತ್ತಿದ್ದ ಸಪ್ಪಳ ಕೇಳುತ್ತಿತ್ತು. ಅಪ್ಪ ದನಿ ತಗ್ಗಿಸಿದ.

"ಮಗಳ, ನಿಮ್ಮ ಅತ್ತಿ ಲಗ್ನದಾಗ ಮೊದಲ ಹಚ್ಚಿದ್ದ ಇದನ್ನ ನಾ."

ರೊಟ್ಟಿಯ ಸಪ್ಪಳದ ಕಡೆ ಒಮ್ಮೆ ತಿರುಗಿ ನೋಡಿದ. ನನಗೆ ತಿಳಿಯಿತು. ಮಾವ ಹೋದದ್ದು ಈ ಹಾಡಿನ ಅಪಶಕುನಕ್ಕೋ ಏನೋ ಅನ್ನುವ ಭಯ, ಹನ್ನೆರಡು ವರ್ಷದವಳಿಗೂ ತಿಳಿಯುವಂಥದ್ದು.

"ನೀ ಇಂಗ್ಲಿಷ್ ಕಲತ ನನಗ ಹೇಳ. ಇದರಾಗ ಏನಂತಾನ ಅಂವಾ? ಲಗ್ನದ್ದ ಐತೋ, ಮಣ್ಣಿಂದ ಐತೋ? ಮನ್ಯಾಗ ಮತ್ಯಾರಿಗೂ ಹೇಳಬ್ಯಾಡ."

ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಎಂದೂ ನಾಚಿಕೆಯಾಗಿಲ್ಲ, ಈಗಲೂ ಆಗುವುದಿಲ್ಲ. ಆದರೆ ನನ್ನನ್ನು ಓದಿಸಿದ್ದು ಏನು ಅಂತ ಯಾರಾದರೂ ಕೇಳಿದರೆ, ನೌಕರಿಯ ಆಸೆ ಅಂತ ಹೇಳಿಬಿಡುತ್ತೇನೆ. ಖರೇ ಅಂದರೆ ಆ ಪ್ಲೇಟು. ಪ್ರತಿ ವರ್ಷ ಪರೀಕ್ಷೆಯ ನಿಕಾಲ ಬಂದ ಮೇಲೆ, ಅತ್ತೆಯೂ ಅವ್ವನೂ ಸಂತೆಗೆ ಹೋದ ಹೊತ್ತು ನೋಡಿ, ಅಪ್ಪ ಬಾಗಿಲು ಮುಂದೆ ಮಾಡಿ ಅದನ್ನು ಸಣ್ಣ ದನಿಯಲ್ಲಿ ಹಚ್ಚುತ್ತಿದ್ದ. ನಾನು ಕಿವಿಗೊಟ್ಟು ಕೂರುತ್ತಿದ್ದೆ.

"ತಿಳೀತೇನು?"

"ಇಲ್ಲಪಾ."

"ಇರಲಿ. ಮುಂದಿನ ವರ್ಷ ತಿಳೀತೈತಿ."

ಮೆಟ್ರಿಕ್ ಆಯಿತು, ಪಿಯುಸಿ ಆಯಿತು. ಬೆಳಗಾವಿಯ ಕಾಲೇಜಿನಲ್ಲಿ ಬಿಎ ಸೇರಿದೆ. ದಿನಾ ಮುಂಜಾನೆ ಖಾನಾಪುರದಿಂದ ಪ್ಯಾಸೆಂಜರ್ ರೈಲು, ಸಂಜೆ ಅದೇ ರೈಲಿಗೆ ವಾಪಸು. ಇಂಗ್ಲಿಷಿನಲ್ಲಿ ಒಳ್ಳೆಯ ಅಂಕ ಬೀಳುತ್ತಿದ್ದವು. ಪ್ರಶ್ನೆಗೆ ಉತ್ತರ ಬಾಯಿಪಾಠ ಮಾಡುತ್ತಿದ್ದೆ, ಬರೆಯುತ್ತಿದ್ದೆ. ಆದರೆ ಬಾವಿಯೊಳಗಿನ ಆ ಮನುಷ್ಯನ ಒಂದು ಮಾತೂ ನನಗೆ ಹತ್ತುತ್ತಿರಲಿಲ್ಲ. ಅಪ್ಪ ಪ್ರತಿ ಸಲ "ಇರಲಿ" ಅನ್ನುತ್ತಿದ್ದ. ಆ "ಇರಲಿ" ನನಗೆ ಫೇಲಾದದ್ದಕ್ಕಿಂತ ಭಾರವಾಗಿತ್ತು. ಅವನು ಅತ್ತೆಯ ಮುಂದೆ ಊಟಕ್ಕೆ ಕೂತಾಗ ತಾಟು ನೋಡುತ್ತಿದ್ದನೇ ಹೊರತು ಅವಳ ಮುಖ ನೋಡುತ್ತಿರಲಿಲ್ಲ. ಅದನ್ನು ಗಮನಿಸಿದವಳು ಮನೆಯಲ್ಲಿ ನಾನೊಬ್ಬಳೇ ಅಂದುಕೊಂಡಿದ್ದೆ.

ಬಿಎ ಕೊನೆಯ ವರ್ಷ ಕಾಲೇಜಿನ ವಾರ್ಷಿಕ ಗ್ಯಾದರಿಂಗಿಗೆ ಕ್ಯಾಂಪಿನ ಹುಡುಗರ ಒಂದು ಬ್ಯಾಂಡು ಬರುತ್ತದೆ ಅಂತ ಸುದ್ದಿಯಾಯಿತು. ರಾಕ್ ಅಂತಾರೆ ಅದಕ್ಕೆ, ಅಂದಳು ಅನಗೋಳದ ನನ್ನ ಗೆಳತಿ. ನಾಲ್ಕು ಗಂಟೆಗೆ ಕಾರ್ಯಕ್ರಮ. ನಾನು ಎರಡಕ್ಕೇ ಅವಳ ಕೈ ಹಿಡಿದು ಮೈದಾನಕ್ಕೆ ಎಳೆದುಕೊಂಡು ಹೋದೆ.

"ಇಷ್ಟ ಲಗೂ ಯಾಕಲೇ? ಬಿಸಲಾಗ ಒಣಗಾಕೇನು?" ಅಂತ ಅವಳು ಗೊಣಗಿದಳು.

"ವೈರ್ ಜೋಡಿಸೂದ ನೋಡೂಣು ಬಾ."

"ಏನ್ ಹುಡುಗೀನೋ ನೀ! ಮಂದಿ ಹುಡುಗರನ್ನ ನೋಡಾಕ ಬರತಾರ, ನೀ ವೈರ್ ನೋಡಾಕ ಬಂದೀ."

ಮೈಕಿನವನ ಮಗಳು, ಮತ್ತೇನು ನೋಡಲಿ? ಸ್ಟೇಜಿನ ಮೇಲೆ ಹಾರ್ನೇ ಇರಲಿಲ್ಲ. ಆಳೆತ್ತರದ ಕಪ್ಪು ಪೆಟ್ಟಿಗೆಗಳಿದ್ದವು. ಮಧ್ಯಾಹ್ನದ ಬಿಸಿಲಿನಲ್ಲಿ ಮೈದಾನದ ಕೆಂಪು ಧೂಳು ಅಲ್ಲಲ್ಲೇ ತೂಗಾಡುತ್ತಿತ್ತು. ನಾಲ್ಕು ಹುಡುಗರು. ಒಬ್ಬ ಡ್ರಮ್ಮಿನ ಬೋಲ್ಟು ಬಿಗಿಯುತ್ತಿದ್ದ. ಉದ್ದ ಕೂದಲಿನ ಒಬ್ಬ ಗಿಟಾರು ಹಿಡಿದು ಬ್ಯಾಂಡಿಗೆ ಹೊಸದಾಗಿ ಬಂದವನಿಗೆ ಏನೋ ಕಲಿಸುತ್ತಿದ್ದ. ಹೊಸಬನಿಗೆ ಬೆರಳು ಕೂಡುತ್ತಿರಲಿಲ್ಲ. ಉದ್ದ ಕೂದಲಿನವನು "ಹಗೂರ, ಹಗೂರ" ಅನ್ನುತ್ತ ಒಂದೊಂದೇ ಸ್ವರವನ್ನು ದಪ್ಪ ತಂತಿಯ ಮೇಲೆ ಬಿಡಿಬಿಡಿಯಾಗಿ, ಎಳೆದೆಳೆದು ಮೀಟಿದ.

ನನ್ನ ಕಾಲಡಿಯ ನೆಲ ತಿರುಗಿತು. ಗಾಜಿನ ಹಂಚಿನ ಬಿಸಿಲು, ಕೆನ್ನೆಗೆ ತಣ್ಣನೆಯ ನೆಲ, ನೀರಿನಡಿಯ ತಂತಿ, ಎಲ್ಲವೂ ಆ ಮೈದಾನಕ್ಕೆ ಬಂದು ನಿಂತವು. ಅದು ನಮ್ಮ ಪ್ಲೇಟು. ಎಲ್ಲಿ ಕೇಳಿದರೂ ಗುರುತು ಹಿಡಿಯುತ್ತಿದ್ದೆ.

ಗೆಳತಿಯನ್ನು ಅಲ್ಲೇ ಬಿಟ್ಟು ಸ್ಟೇಜಿನ ಬಾಜೂಕ್ಕೆ ಹೋದೆ.

"ರೀ, ಈ ಹಾಡ ಯಾರರ ಸತ್ತಾಗ ಹಾಡೂದೇನ್ರೀ?"

ಉದ್ದ ಕೂದಲಿನ ಹುಡುಗ ಗಿಟಾರು ಬಿಟ್ಟು ನನ್ನನ್ನು ನೋಡಿದ. "ಸತ್ತಾಗ? ಯಾರ ಹೇಳಿದ್ರು ಸಿಸ್ಟರ್? ಇದು ಕುಣಿಯೂ ಹಾಡ. ನಮ್ಮ ಅಂಕಲ್ ಲಗ್ನದಾಗ ಮೂರ ಸಲ ಬಾರಿಸೇವಿ, ಆಂಟಿಗೋಳು ಚಪ್ಪಲಿ ಬಿಟ್ಟ ಕುಣದಾರ."

"ಮತ್ತ ಇಷ್ಟ ಹಗೂರ ಐತಲ್ರೀ?"

"ಇವಗ ಕಲಸಾಕ ಹಗೂರ. ಇಂವಾ ನಿನ್ನಿ ಬಂದಾನ." ಹೊಸಬ ಮುಖ ಕೆಂಪು ಮಾಡಿಕೊಂಡ.

"ನಮ್ಮನಿ ಪ್ಲೇಟಿನ್ಯಾಗ ಹಿಂಗ ಐತ್ರೀ. ಹಗೂರ. ದನಿ ಭಾಳ ದಪ್ಪ."

ಅವನು ಹುಬ್ಬು ಗಂಟಿಕ್ಕಿದ. ಆಮೇಲೆ ಒಮ್ಮೆಗೇ ನಗು ತಡೆದುಕೊಂಡ. "ಸಣ್ಣ ಪ್ಲೇಟೇನು? ನಡುವಿನ ಸ್ಪೀಡಿಗಿ ಹಾಕಬೇಕ್ರೀ ಅದನ್ನ. ಮಿನಿಟಿಗಿ ನಲವತ್ತೈದು ಸುತ್ತು."

"ನಡುವಿಂದ ಸತ್ತೈತ್ರೀ."

"ಹಂಗಾರ ಮನಷ್ಯಾ ಸತ್ತಿಲ್ಲ ಸಿಸ್ಟರ್, ಮಶಿನ್ ಸತ್ತೈತಿ."

ಹಾಡಿನಲ್ಲಿ ಏನಿದೆ ಅಂತ ಕೇಳಿದೆ. ಅವನು ಹೇಳಿದ: ಒಬ್ಬ ಹುಡುಗ ಹೊಸ ಮೋಟಾರು ತಂದಿದ್ದಾನೆ, ಹುಡುಗಿಯ ಮನೆಯ ಮುಂದೆ ನಿಂತು ಬಾ ತಿರುಗಾಡಿ ಬರೋಣ ಅನ್ನುತ್ತಿದ್ದಾನೆ, ಅವಳಪ್ಪ ಬಿಡುತ್ತಿಲ್ಲ. ಅಷ್ಟೇ. ಎಂಟು ವರ್ಷ ನಾನು ಬಾವಿಯ ತಳದಲ್ಲಿ ಹುಡುಕಿದ ಮಾತು ಅಷ್ಟೇ.

ನಾಲ್ಕೂವರೆಗೆ ಶುರುವಾಯಿತು. ಹಾರ್ನಿನ ದನಿ ಕಿವಿಗೆ ಬಂದು ಮುಟ್ಟುತ್ತದೆ, ಇದು ಹಾಗಲ್ಲ. ಡ್ರಮ್ಮಿನ ಮೊದಲ ಪೆಟ್ಟು ನನ್ನ ಎದೆಯ ಎಲುಬಿಗೇ ಬಿತ್ತು. ಉಸಿರು ಒಂದು ಕ್ಷಣ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತಿತು. ನೆಲದಿಂದ ಕಾಲಿಗೆ, ಕಾಲಿನಿಂದ ಹೊಟ್ಟೆಗೆ ಏರಿ ಬರುವ ಹಾಡು ಇರುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಸಂಜೆಯ ಬಿಸಿಲು ತಾಳದ ಹಿತ್ತಾಳೆಗೆ ಬಿದ್ದು ಪ್ರತಿ ಹೊಡೆತಕ್ಕೂ ಚೂರಾಗಿ ಹಾರುತ್ತಿತ್ತು. ಮೂರನೆಯದಾಗಿ ನಮ್ಮ ಹಾಡು ಬಂತು. ಬಂದದ್ದೇ ಓಡಿತು. ನಾನು ಅದರ ಬೆನ್ನು ಹತ್ತಿದೆ. ಇದು ಆ ತಿರುವು, ಇದು ಅವನು ದನಿ ಎಳೆಯುವ ಜಾಗ, ಇಲ್ಲಿ ಸೂಜಿ ಒಮ್ಮೆ ಹಾರುತ್ತಿತ್ತು. ಮಾತು ಆಗಲೂ ಪೂರ್ತಿ ತಿಳಿಯಲಿಲ್ಲ. ನನ್ನ ಅಂಗೈ ಮಾತ್ರ ತಾನಾಗಿ ತೊಡೆಯ ಮೇಲೆ ಡ್ರಮ್ಮಿನ ಲೆಕ್ಕ ಬಡಿಯುತ್ತಿತ್ತು. ಗೆಳತಿ ನನ್ನ ಮುಖ ನೋಡಿ, "ಯಾಕ ಅಳಾಕತ್ತೀ? ಯಾರೇನಂದ್ರು?" ಅಂದಳು. ಯಾರೂ ಏನೂ ಅಂದಿರಲಿಲ್ಲ.

ರೈಲಿನಲ್ಲಿ ಬರುವಾಗ ಆ ಲೆಕ್ಕ ತಪ್ಪಬಾರದೆಂದು ಕಿಟಕಿಯ ಕಟ್ಟಿಗೆಯ ಮೇಲೆ ಬಡಿಯುತ್ತಲೇ ಬಂದೆ. ಗದ್ದೆಗಳು, ಹಂಚಿನ ಭಟ್ಟಿಯ ಹೊಗೆ, ಬೂದಿಬಣ್ಣಕ್ಕೆ ತಿರುಗುತ್ತಿದ್ದ ಆಕಾಶ, ಎಲ್ಲವೂ ಆ ಲೆಕ್ಕಕ್ಕೆ ಹಿಂದೆ ಹೋಗುತ್ತಿದ್ದವು.

ಮರುದಿನ ರವಿವಾರ. ಅಪ್ಪ ಅಂಗಳದಲ್ಲಿ ವೈರು ಸುತ್ತುತ್ತಿದ್ದ. ಹೇಳಿದೆ. ಅವನು ವೈರು ಸುತ್ತುವುದನ್ನು ನಿಲ್ಲಿಸಲಿಲ್ಲ.

"ಯಾರ ಹೇಳಿದ್ರು?"

"ಅದನ್ನ ಬಾರಿಸೂ ಹುಡುಗ ಹೇಳಿದ. ನಾನೂ ಕೇಳೀನಿ ಅಪ್ಪಾ, ಕಿವಿಯಾರೆ. ಲಗ್ನದಾಗ ಕುಣಿಯೂ ಹಾಡ ಅದು."

"ಹಂಗಾರ ಅಷ್ಟ ವರ್ಷ ನಾ ತಪ್ಪ ಹಚ್ಚೇನಿ?"

ಅವನ ಒಂದೇ ಒಂದು ವಿದ್ಯೆ ಅದು. "ಹಗೂರ ಹಚ್ಚೀ," ಅಂದೆ.

ಅಪ್ಪ ಒಳಗೆ ಹೋಗಿ ಧೋತರದ ಗಂಟು ತಂದ. ಪೆಟ್ಟಿಗೆಯ ತಿರುಗುವ ತಟ್ಟೆಯನ್ನು ಎತ್ತಿ ಪಕ್ಕಕ್ಕಿಟ್ಟ. ಕೆಳಗೆ ಮೋಟರಿನ ಸಣ್ಣ ಕಂಬ, ಅದು ಉಜ್ಜಿ ತಿರುಗಿಸುವ ಒಂದು ರಬ್ಬರಿನ ಗಾಲಿ. ಅವನು ಬಹಳ ಹೊತ್ತು ನೋಡಿದ. ಆಮೇಲೆ ವೈರಿಗೆ ಸುತ್ತುವ ಕಪ್ಪು ಟೇಪು ಹರಿದು ಆ ಕಂಬಕ್ಕೆ ಒಂದು ಸುತ್ತು ಹಾಕಿದ. ಕಂಬ ದಪ್ಪವಾದರೆ ಗಾಲಿ ಜೋರು ತಿರುಗುತ್ತದೆ. ಇದನ್ನು ಅವನಿಗೆ ಯಾವ ಸಾಲಿಯೂ ಕಲಿಸಿರಲಿಲ್ಲ.

"ನೀ ಅಲ್ಲಿ ಕೇಳಿದ್ದ ಎಷ್ಟ ಲಗೂ ಇತ್ತು, ಬಡದ ತೋರಸ."

ನಾನು ತೊಡೆಯ ಮೇಲೆ ಬಡಿದೆ. ಅವನು ಪ್ಲೇಟು ಹಚ್ಚಿದ. ಇನ್ನೂ ಹಿಂದೆ ಬಿತ್ತು. ಮತ್ತೊಂದು ಸುತ್ತು ಟೇಪು. ಮತ್ತೆ ಬಡಿದೆ. ಇನ್ನರ್ಧ ಸುತ್ತು. ಬಾವಿಯ ಮನುಷ್ಯ ಒಂದೊಂದೇ ಮೆಟ್ಟಿಲು ಹತ್ತಿದ. ನಾಲ್ಕನೇ ಸಲ ಸೂಜಿ ಇಟ್ಟಾಗ ಮೇಲೆ ಬಂದುಬಿಟ್ಟ, ಇಪ್ಪತ್ತು ವರ್ಷದ ಹುಡುಗ, ನಗುತ್ತ ಹಾಡುತ್ತಿದ್ದ. ನನ್ನ ಅಂಗೈ ಅವನ ಜೋಡಿ ಹೊರಟಿತು.

ಅತ್ತೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಏನ್ ನಡಸೀರಿ ತಂದಿ ಮಗಳು? ಕಿವಿ ತೂತ ಬೀಳತಾವ."

ಅಪ್ಪ ಅವಳನ್ನು ನೋಡಿದ. ತಾಟನ್ನಲ್ಲ, ನೆಲವನ್ನಲ್ಲ, ಮುಖವನ್ನು.

"ನಿನ್ನ ಲಗ್ನದಾಗ ಇದನ್ನ ಹಚ್ಚಿದ್ದೆ. ಹಗೂರ ಹಚ್ಚಿದ್ದೆ. ಮಣ್ಣಿನ ಹಾಡ ಅಂತ ಒಬ್ಬಂವ ಅಂದ. ಅಲ್ಲಂತ. ನೆನಪೈತೇನು ನಿನಗ?"

"ಯಾವ ಹಾಡು? ನನಗೇನ ಕೇಳತಿತ್ತಣ್ಣಾ? ಮುಂಜಾನಿಂದ ಉಪಾಸ ಕುಂದರಿಸಿದ್ರಿ. ಅಕ್ಕಿಕಾಳ ಬಿದ್ದ ಮ್ಯಾಲ ಯಾವಾಗ ಊಟಕ್ಕ ಕರೀತಾರ ಅಂತ ಹೋಳಿಗಿ ವಾಸನಿ ತಗೋಂತ ಕುಂತಿದ್ದೆ." ನಗುತ್ತಿದ್ದವಳು ಅಣ್ಣನ ಮುಖ ನೋಡಿ ನಿಲ್ಲಿಸಿದಳು. ನನ್ನ ಕಡೆ ನೋಡಿದಳು. ಮತ್ತೆ ಅವನ ಕಡೆ. "ಇದನ್ನ ಹೊಟ್ಟ್ಯಾಗ ಇಟಗೊಂಡ ಕುಂತಿದ್ದೇನು ಇಷ್ಟ ದಿನಾ? ಅದಕ್ಕ ನನ್ನ ಮಾರಿ ನೋಡತಿರಲಿಲ್ಲೇನು?"

ಅಪ್ಪ ಕಪ್ಪು ಟೇಪಿನ ತುಂಡನ್ನು ಬೆರಳಿಗೆ ಸುತ್ತಿದ.

"ಅವರು ಹ್ವಾದದ್ದು ಜ್ವರಕ್ಕ. ಹಳ್ಳ ತುಂಬಿತ್ತು, ದವಾಖಾನಿಗಿ ದಾಟಾಕ ಆಗಲಿಲ್ಲ. ಹಾಡ ಏನ್ ಮಾಡತೈತಿ? ಮಗಳಿಗಿ ಇಂಗ್ಲಿಷ್ ಕಲಿಸಿ ಕೇಳೂದಕ್ಕಿಂತ ನನ್ನ ಕೇಳಬಾರದಿತ್ತಾ? ನಾ ಒಳಗ ಒಲಿ ಮುಂದ ಇದ್ದೆನಲ್ಲಾ."

ಅಪ್ಪ ಆಂಪ್ಲಿಫೈಯರಿನ ಒಂದು ತಿರುಪನ್ನು ಸುಮ್ಮನೆ ಅತ್ತ ಇತ್ತ ತಿರುಗಿಸಿದ. ಪ್ಲೇಟು ಮುಗಿದು ಸೂಜಿ ನಡುವಿನ ಕೆಂಪು ಕಾಗದದ ಅಂಚಿಗೆ ಬಡಿದುಕೊಳ್ಳುತ್ತಿತ್ತು.

"ಮತ್ತೊಮ್ಮೆ ಹಚ್ಚ," ಅಂದಳು ಅತ್ತೆ. ಹೊಸ್ತಿಲ ಮೇಲೆ ಕುಳಿತಳು. "ಈಗರೆ ಕೇಳತೇನಿ, ನನ್ನ ಲಗ್ನದಾಗ ಏನ್ ಹಚ್ಚಿದ್ದಿ ಅಂತ."

ಅಪ್ಪ ಸೂಜಿ ಎತ್ತಿ ಮೊದಲಿಗೆ ಇಟ್ಟ. ಒಳಗಿನಿಂದ ಒಲೆಯ ಮೇಲಿನ ರೊಟ್ಟಿ ಹೊತ್ತುತ್ತಿದ್ದ ವಾಸನೆ ಬಂತು. ಯಾರೂ ಏಳಲಿಲ್ಲ.